ಟವೆಲ್ ಹಾಕಿದ ಸೀಟು

ಡಿಪೋದ ಸುವರ್ಣ ಮಹೋತ್ಸವಕ್ಕೆ ಊರಿನವರಿಗೆಲ್ಲ ಗೇಟು ತೆರೆದಿತ್ತು. ಎಂಜಿನ್ ಕಳಚಿ, ಹೂವಿನ ಹಾರ ಹಾಕಿ ನಿಲ್ಲಿಸಿದ್ದ ಹಳೇ ಬಸ್ಸಿನೊಳಗೆ ಫೋಟೊ ತೆಗೆಸಿಕೊಳ್ಳಲು ನೂಕುನುಗ್ಗಲು. ಕಿಟಕಿ ಬಳಿ ಕೂತಿದ್ದ ವಯಸ್ಸಾದ ಹೆಂಗಸು ಮಾತ್ರ ಪಕ್ಕದ ಸೀಟಿಗೆ ಟವೆಲ್ ಹಾಕಿ, ಯಾರನ್ನೂ ಕೂರಗೊಡಲಿಲ್ಲ.

"ಇಲ್ಲಿ ಜನ ಬರ್ತಾರೆ. ನಮ್ಮ ಯಜಮಾನ್ರು."

ಅಲ್ಲೇ ನಿಂತಿದ್ದ ಡಿಪೋ ಮ್ಯಾನೇಜರ್ ನಕ್ಕರು. "ಅಮ್ಮಾ, ಈ ಬಸ್ಸು ಎಲ್ಲಿಗೂ ಹೋಗಲ್ಲ. ಸೀಟು ಯಾಕೆ ಹಿಡೀತೀರಿ?"

"ಹೋಗಲ್ಲ ಅಂತಾನೇ ಹಿಡ್ದಿರೋದು ಸಾರ್."

ಅಷ್ಟರಲ್ಲಿ ಆಕೆಯ ಗಂಡ ಬಸ್ಸು ಹತ್ತಿದರು. ತಮ್ಮದೇ ಡಿಪೋದ ನಿವೃತ್ತ ಡ್ರೈವರನ್ನು ಕಂಡು ಮ್ಯಾನೇಜರ್ ಅರಳಿದರು.

"ಓಹೋ, ರಾಚಪ್ಪನೋರು! ಬನ್ನಿ ಬನ್ನಿ, ನಿಮ್ಮ ಸೀಟು ಮುಂದಿದೆ," ಎಂದು ಸ್ಟೀರಿಂಗ್ ಕಡೆ ಕೈ ತೋರಿದರು.

ಆಕೆ ಟವೆಲ್ ಎತ್ತಿಕೊಂಡಳು.

"ಇವತ್ತಾದ್ರೂ ಪಕ್ಕ ಕೂರ್ಲಿ ಬಿಡಿ ಸಾರ್. ನಮ್ಮ ಮದುವೆ ದಿಬ್ಬಣದ ಬಸ್ಸನ್ನೂ ಇವರೇ ಓಡಿಸಿದ್ರು!"