ಕೊಬ್ಬರಿ ಎಣ್ಣೆ ಹಚ್ಚಿದ ರೈಫಲ್

ನಾನೀಗ ಇರುವ ವುಡ್‌ರಿಡ್ಜ್‌ನ ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದಾಗಲೆಲ್ಲ ನನಗೆ ಅಪ್ಪನ ಹಳೆಯ ಪಾಯಿಂಟ್ ಟೂಟೂ ರೈಫಲ್ ನೆನಪಾಗುತ್ತದೆ.

ನಾನಿನ್ನೂ ಹುಡುಗನಿದ್ದಾಗ, ಡೆಟ್ರಾಯಿಟ್ ಹೊರಗಿನ ಶೂಟಿಂಗ್ ರೇಂಜಿನಲ್ಲಿ ಒಂದು ಚಳಿಯ ಮಧ್ಯಾಹ್ನ, ಮೊದಲ ಬಾರಿಗೆ ಗುಂಡು ಹೊಡೆದು ಡಬ್ಬಿ ಉರುಳಿಸಲು ನಾನು ತುದಿಗಾಲಲ್ಲಿ ನಿಂತಿದ್ದೆ. ಕಿವುಡನಾದೇನೆಂಬ ಭಯಕ್ಕೆ ಇಯರ್‌ಮಫ್ ಒಳಗೆ ಹತ್ತಿಯನ್ನೂ ತುರುಕಿಕೊಂಡಿದ್ದೆ. ಮೊದಲ ಗುಂಡು ಗುರಿ ತಪ್ಪಿತು. ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳಬೇಕಿದ್ದ ರೈಫಲ್ ಸಿಕ್ಕಿಕೊಂಡು ನಿಂತಿತು.

ಅಪ್ಪ ಗುಂಡುಗಳನ್ನು ತೆಗೆದು, ಗುಂಡನ್ನು ನಳಿಕೆಗೆ ತಳ್ಳುವ ಬೋಲ್ಟ್ ಬಿಚ್ಚಿದ. ಅದರ ತುಂಬ ಬೆಣ್ಣೆಯಂಥ ಬಿಳಿ ಜಿಡ್ಡು.

“ಇದಕ್ಕ ಕೊಬ್ರಿ ಎಣ್ಣಿ ಯಾರ್ ಹಚ್ಚಿದ್ರು?”

“ಆಯುಧ ಪೂಜಿಗೆ ನಾನ ಹಚ್ಚೇನ್ರಿ,” ಎಂದಳು ಹಿಂದೆ ನಿಂತಿದ್ದ ಅಮ್ಮ. “ನಿಮ್ಮ ಬಕ್ಕ ತಲಿಗಿಂತ ಛಲೋ ಹೊಳೀಲಿಕತ್ತಿತ್ತು.”

ಅಪ್ಪ ಬೋಲ್ಟನ್ನು ಕಾರಿನ ಹೀಟರಿಗೆ ಹಿಡಿದ. ಕಾರಿನ ತುಂಬ ಭಾನುವಾರದ ತಲೆಸ್ನಾನದ ವಾಸನೆ. ಜಿಡ್ಡು ಕರಗಿದ ಮೇಲೆ ಅಪ್ಪ ಬೋಲ್ಟ್ ಒರೆಸಿ ಜೋಡಿಸಿಕೊಟ್ಟ. ನಾನು ಮತ್ತೆ ಟ್ರಿಗರ್ ಒತ್ತಿದೆ. ಡಬ್ಬಿ ಹಾರಿದ ಠಣ್ ಸದ್ದು ಆ ಹತ್ತಿಯೊಳಗೂ ಕೇಳಿತು!

“ನೋಡ್ರಿ,” ಎಂದು ಕೂಗಿದಳು ಅಮ್ಮ, “ಇನ್ನೊಂದೀಟ ಎಣ್ಣಿ ಹಚ್ಚಲೇನ್ರಿ?”