ಬೇಗೂರು ಮೇಷ್ಟ್ರ ಮನೆಯ ಕೆಮ್ಮು

"ಆರು ಆಳು ಎಂಟು ದಿನದಲ್ಲಿ ಒಂದು ಬಾವಿ ತೋಡುತ್ತಾರೆ. ಹನ್ನೆರಡು ಆಳಿಗೆ ಎಷ್ಟು ದಿನ ಬೇಕು? ಹಂತ ಹಂತವಾಗಿ ಹೇಳಪ್ಪ," ಎಂದರು ಶಿವರುದ್ರಸ್ವಾಮಿ ಮೇಷ್ಟ್ರು.

ಹೆಣ್ಣು ನೋಡಲು ಹಂಗಳದಿಂದ ಬೇಗೂರಿಗೆ ಬಂದಿದ್ದ ಮರಿಮಲ್ಲಪ್ಪನ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ಬಾವಿ ತೋಡು ಎಂದಿದ್ದರೆ ಒಬ್ಬನೇ ತೋಡಿಬಿಡುತ್ತಿದ್ದ. ಲೆಕ್ಕವೆಂದರೆ ಮೈನಡುಕ. ಜೊತೆಗೆ ಬಂದ ಸೋದರಮಾವ ಸೂರು ನೋಡತೊಡಗಿದ.

ಲೆಕ್ಕ ಬಾರದವನಿಗೆ ಹೆಣ್ಣು ಕೊಡೆನೆಂದು ಮೇಷ್ಟ್ರು ಆಗಲೇ ಮೂರು ವರಗಳನ್ನು ವಾಪಸು ಕಳಿಸಿದ್ದರು. ಮರಿಮಲ್ಲಪ್ಪನಿಗೋ, ಕಾಫಿ ಇಟ್ಟು ತಲೆತಗ್ಗಿಸಿ ಒಳಹೋದ ಪುಟ್ಟಮಲ್ಲಮ್ಮನನ್ನು ಬಿಟ್ಟು ಬೇರೆ ಯಾರೂ ಬೇಡವಾಗಿತ್ತು. ಕೋಡುಬಳೆ ಕೊಟ್ಟ ಅವಳ ತಾಯಿ ಗುರುಮಲ್ಲಮ್ಮನೂ ಒಳಗೆ ಹೋಗಿದ್ದರು.

ಮೇಷ್ಟ್ರ ಶಾಲೆ ನಡೆಯುತ್ತಿದ್ದುದೂ ಅವರೆಲ್ಲ ಕೂತಿದ್ದ ಆ ಮನೆಯ ಜಗಲಿಯಲ್ಲೇ. ಐವತ್ತೈದನೇ ಇಸವಿಯಲ್ಲಿ ಊರವರು ಬೇರೆ ಕಟ್ಟಡ ಕಟ್ಟಿಕೊಡುತ್ತೇವೆಂದರೂ ಮೇಷ್ಟ್ರು ಜಪ್ಪಯ್ಯ ಅಂದಿರಲಿಲ್ಲ.

"ಒಂದಾಳಿಗಾದ್ರೆ... ಕಮ್ಮಿ ದಿನ," ಎಂದ ಮರಿಮಲ್ಲಪ್ಪ.

ಒಳಗೆ ಪಾತ್ರೆಯೊಂದು ದಢಾರನೆ ಬಿತ್ತು. ಅಲ್ಲ, ಜಾಸ್ತಿ ದಿನ ಎಂದು ತಿದ್ದಿಕೊಂಡ.

ಬಾಗಿಲ ಹಿಂದೆ ಕೆಮ್ಮು ಶುರುವಾಯಿತು. ನಾಲ್ಕು ಸಲ. ತುಸು ತಡೆದು ಎಂಟು ಸಲ.

ಅವನ ಎದೆ ಹಿಗ್ಗಿತು. ಹುಡುಗಿ ಒಪ್ಪಿದ್ದಾಳೆ! ನಲವತ್ತೆಂಟು ಎಂದ.

ಮೇಷ್ಟ್ರು ಬಾಗಿಲ ಕಡೆಗೆ ಕಿವಿ ವಾಲಿಸಿದರು. ಒಳಗೆ ಬಳೆ ಸದ್ದಾಯಿತು. "ಸರಿ. ಅದನ್ನು ಹನ್ನೆರಡು ಆಳಿಗೆ ಹಂಚಿದರೆ?"

ನಾಲ್ಕು ಕೆಮ್ಮು. ನಾಲ್ಕು ದಿನ. ಬಳೆ ಸದ್ದು. ಸರಿ.

ಇನ್ನೆರಡು ಲೆಕ್ಕಗಳೂ ಹೀಗೆಯೇ ಮುಗಿದವು. ಕೊನೆಯದರ ಉತ್ತರ ತೊಂಬತ್ತೊಂಬತ್ತು. ಪಾಪ, ಹುಡುಗಿಯ ಗಂಟಲು ಹರಿದೇಹೋಯಿತೇನೋ ಎಂದು ಅವನ ಕರುಳು ಚುರುಕ್ಕೆಂದಿತು.

ಮೇಷ್ಟ್ರು ಒಪ್ಪಿದರು. ಮಗಳನ್ನು ಕೂಗಿದಾಗ ಅವಳು ಹಿತ್ತಲಿನ ಕಡೆಯಿಂದ, ಮಡಿಲ ತುಂಬ ಕನಕಾಂಬರ ಕಟ್ಟಿಕೊಂಡು ಬಂದಳು. ಗುಮಾನಿ ಬಾರದಿರಲೆಂದು ಸುತ್ತು ಹಾಕಿ ಬಂದಿದ್ದಾಳೆ, ಎಂಥ ಚುರುಕು ಎಂದು ಮರಿಮಲ್ಲಪ್ಪ ಬೀಗಿದ.

ಬಸ್ಸಿನವರೆಗೂ ಮೇಷ್ಟ್ರು ಬಂದರು. ಸೋದರಮಾವ ಜಾಗ ಹಿಡಿಯಲು ಹತ್ತಿದ ಮೇಲೆ ಮರಿಮಲ್ಲಪ್ಪ ಸಂಕೋಚದಿಂದಲೇ ಬಾಯಿಬಿಟ್ಟ. "ನಿಮ್ ಮಗಳಿಗೆ ವಸಿ ಸುಂಟಿ ಕಷಾಯ ಕೊಡಿ ಮೇಷ್ಟ್ರೆ. ಕೆಮ್ಮು ವಾಸಿಯಾಯ್ತದೆ."

ಮೇಷ್ಟ್ರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

"ಕೆಮ್ಮಿದ್ದು ಅವಳಲ್ಲ ಕಣಪ್ಪ, ಅವಳವ್ವ. ನಮ್ ಮಾವ ನನ್ನ ಇಂಗೇ ಕೂರಿಸ್ಕಂಡು ಲೆಕ್ಕ ಕೇಳ್ದಾಗ್ಲಿಂದ್ಲೂ ಕೆಮ್ತಾನೇ ಅವ್ಳೆ. ಅದು ವಾಸಿಯಾಗ್ಬುಟ್ರೆ ನನ್ ಮೇಷ್ಟ್ರು ಕೆಲ್ಸ ಓಯ್ತದೆ."