ಪಕ್ಕದ ಪಂಜರ

೨೦೨೪ರ ಫೆಬ್ರವರಿ ೧೧, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಾಜಾಳಿಯ ಹಿನ್ನೀರಿನಲ್ಲಿ ನೀತಾ ತನ್ನ ನಾಲ್ಕನೇ ನಂಬರಿನ ಮೀನು ಪಂಜರದ ಬಲೆ ಎತ್ತುತ್ತಿದ್ದಳು. ಕಣ್ಣು ಮಾತ್ರ ಐದನೇ ನಂಬರಿನ ಮೇಲಿತ್ತು. ಅಲ್ಲಿ ರಂಜನಾ ತನ್ನ ಮೀನುಗಳಿಗೆ ತಾರ್ಲೆ ಮೀನಿನ ತುಂಡು ಎಸೆಯುತ್ತಿದ್ದಳು. ಪಕ್ಕದಲ್ಲಿ ಬಕೆಟ್ ಹಿಡಿದು ರೂಪೇಶ ನಿಂತಿದ್ದ. ಐದು ವರ್ಷದ ಸಂಸಾರದಲ್ಲಿ ನೀತಾಗೆ ಒಂದು ಕೊಡ ನೀರು ಎತ್ತಿಕೊಡದ ಮನುಷ್ಯ, ವಿಚ್ಛೇದನವಾಗಿ ಎರಡು ವರ್ಷ ತುಂಬುವುದರೊಳಗೆ ಹೊಸ ಹೆಂಡತಿಗೆ ಬಕೆಟ್ ಹಿಡಿಯಲು ಕಲಿತಿದ್ದ.

ಪಂಜರಗಳನ್ನು ಮಹಿಳಾ ಸಂಘದವರು ಚೀಟಿ ಎತ್ತಿ ಹಂಚಿದ್ದರು. ಚೀಟಿಗೆ ಯಾರ ಸಂಸಾರದ ಕಥೆಯೂ ಗೊತ್ತಿರಲಿಲ್ಲ. ತವರಿಗೆ ಮರಳಿದ ಮೇಲೆ ನೀತಾಳ ಹೆಸರು ಬರೆದ ಒಂದೇ ವಸ್ತುವೆಂದರೆ ಈ ಪಂಜರ. ಬಿಟ್ಟ ಸಾವಿರ ಕುರುಡೆ ಮೀನಿನ ಮರಿಗಳಲ್ಲಿ ಅರ್ಧವಾದರೂ ಉಳಿಯದಿದ್ದರೆ ಅದು ಮುಂದಿನ ವರ್ಷ ಬೇರೆಯವರ ಪಾಲು.

ಬಿ.ಎಸ್ಸಿ. ಓದಿದವಳು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು. ಹದಿನೈದು ದಿನಕ್ಕೊಮ್ಮೆ ಎರಡು ಸಂಖ್ಯೆ: ಎಡಕ್ಕೆ ತನ್ನ ಮೀನಿನ ಸರಾಸರಿ ತೂಕ, ಬಲಕ್ಕೆ ರಂಜನಾಳ ಮೀನಿನದು. ಇಲ್ಲಿಯವರೆಗೆ ಎಡವೇ ಮುಂದಿತ್ತು. ಒಮ್ಮೆ ಎಂಟು ಗ್ರಾಂ, ಒಮ್ಮೆ ಮೂರು. ಆ ಮೂರು ಗ್ರಾಮಿನ ಖುಷಿಯಲ್ಲಿ ಅವಳು ಒಂದು ವಾರ ಚೆನ್ನಾಗಿ ನಿದ್ದೆ ಮಾಡಿದ್ದಳು.

ಬಲೆ ಪೂರ್ತಿ ಮೇಲೆ ಬಂತು. ನೀತಾಳ ಕೈ ನಿಂತಿತು. ಇರಬೇಕಾದಷ್ಟು ಮೀನು ಇರಲಿಲ್ಲ. ಎಣಿಸಿದರೆ ಆರುನೂರರ ಆಸುಪಾಸು.

"ಹರಿದಿಲ್ಲ, ಎಲ್ಲೂ ತೂತಿಲ್ಲ," ಎಂದಳು ಪಂಜರಕ್ಕೆ ದೋಣಿ ತಾಗಿಸಿ ಕುಳಿತಿದ್ದ ದುರ್ಗಕ್ಕ. ಎಲ್ಲರ ಪಂಜರಕ್ಕೂ ದೋಣಿ ತೆಗೆದುಕೊಂಡು ಹೋಗಿ ಮೀನು ತೂಗಿಕೊಡುವ ಮುದುಕಿ ಅವಳು. ಬಲೆಯನ್ನು ಬೆರಳಲ್ಲೇ ತಡವಿ ನೋಡಿದ್ದಳು.

"ತೂತಿಲ್ಲದಿದ್ರೆ ಕೈ ಹಾಕಿರ್ಬೇಕು." ನೀತಾ ದನಿ ಎತ್ತರಿಸಿದಳು. "ಪಕ್ಕದಲ್ಲೇ ಇರೋರಿಗೆ ಎಷ್ಟೊತ್ತಿನ ಕೆಲಸ? ಒಂದು ಸಲ ನನ್ನದನ್ನ ತಗೊಂಡು ಅಭ್ಯಾಸ ಆಗಿದೆ ಅಲ್ಲ!"

ರಂಜನಾಳ ಕೈಯಲ್ಲಿದ್ದ ತಾರ್ಲೆ ತುಂಡು ಕೈಯಲ್ಲೇ ಉಳಿಯಿತು. ರೂಪೇಶ ನೀರು ನೋಡಿದ. ದುರ್ಗಕ್ಕ ಯಾರನ್ನೂ ನೋಡಲಿಲ್ಲ. ಕೈಬಲೆ ಇಳಿಸಿ, ಪಂಜರದ ಮೂಲೆಯಲ್ಲಿದ್ದ ದೊಡ್ಡ ಮೀನೊಂದನ್ನು ಎತ್ತಿ ನೀತಾಳ ಮುಖದ ಮುಂದೆ ಹಿಡಿದಳು. ಅದರ ಬಾಯಿಯಿಂದ ಒಂದು ಸಣ್ಣ ಬಾಲ ಹೊರಗೆ ಇಣುಕುತ್ತಿತ್ತು.

"ಇಗಾ ನಿನ್ನ ಕಳ್ಳ. ದೊಡ್ಡದು ಸಣ್ಣದು ಬೇರೆ ಮಾಡಿದ್ಯೇನ್ ಗೋ? ಕುರುಡೆ ಮೀನು ತನ್ನ ಜಾತಿಯನ್ನೇ ತಿಂತದೆ. ಶಾಲೆ ಮೆಟ್ಟಿಲು ಹತ್ತದ ನಂಗೆ ಗೊತ್ತುಂಟು. ಬಿಎಸ್ಸಿ ಓದಿ ಎಂತಾ ಆಯ್ತು?"

ನೀತಾಗೂ ಗೊತ್ತಿತ್ತು. ತರಬೇತಿಯ ಮೊದಲ ದಿನವೇ ಬರೆದುಕೊಂಡು ಅಡಿಗೆರೆ ಎಳೆದಿದ್ದಳು. ಆದರೆ ತೂಗಲು ಎತ್ತುವ ಹತ್ತರಲ್ಲಿ ದೊಡ್ಡವೇ ಮೊದಲು ಕೈಬಲೆಗೆ ಸಿಗುತ್ತಿದ್ದವು; ಅವನ್ನು ಬೇರೆ ಬಲೆಗೆ ಹಾಕಿದರೆ ಪಂಜರದ ಸರಾಸರಿ ಇಳಿಯುತ್ತದೆ, ಎಡದ ಸಂಖ್ಯೆ ಬಲದ್ದಕ್ಕಿಂತ ಕೆಳಗೆ ಬೀಳುತ್ತದೆ. ಅದೊಂದನ್ನು ತಡೆಯಲು ಎರಡು ತಿಂಗಳಿಂದ ಇಪ್ಪತ್ತಮೂರು ರಾಕ್ಷಸರನ್ನು ಸಾಕಿದ್ದಳು.

ಐದನೇ ಪಂಜರದ ಹಲಗೆ ಕರಕರ ಎಂದಿತು. ರಂಜನಾ ಮಡಿಸಿದ ಬಲೆಯೊಂದನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು.

"ನೀತಕ್ಕಾ, ಇದು ಹೆಚ್ಚಿಗೆ ಉಂಟು. ದೊಡ್ಡವನ್ನ ಇದ್ರಲ್ಲಿ ಬಿಡಿ. ನಂದ್ರಲ್ಲೂ ಮೊದಲ್ನೇ ತಿಂಗಳು ಹಿಂಗೇ ಆಗಿತ್ತು."

"ನಿಂಗೇನು, ಬಕೆಟ್ ಹಿಡಿಲಿಕ್ಕೆ ಜನ ಉಂಟು," ಎಂದಳು ನೀತಾ. ಹೇಳಬಾರದೆಂದುಕೊಂಡದ್ದೇ ಬಾಯಿಗೆ ಬಂದಿತ್ತು.

ರಂಜನಾ ಒಮ್ಮೆ ಹಿಂದೆ ನೋಡಿದಳು. ರೂಪೇಶ ಬಕೆಟ್ ಕೆಳಗಿಟ್ಟು, ಮೊಬೈಲನ್ನು ತೋಳಿನಷ್ಟು ದೂರ ಹಿಡಿದು, ಪಂಜರ ಕಾಣುವ ಹಾಗೆ ತಲೆ ಓರೆ ಮಾಡುತ್ತಿದ್ದ.

"ಗೋವಾ ಕಂಪನಿಗೆ ರಜೆ ಇದ್ರೆ ಬರುದು. ಫೋಟೋ ತೆಗುದು, ಸ್ಟೇಟಸ್ ಹಾಕುದು. ಮೀನಿನ ವಾಸನೆ ಆಗುದಿಲ್ಲ ಅವ್ರಿಗೆ." ಅವಳು ದನಿ ತಗ್ಗಿಸಿದಳು. "ನಿಮ್ಗೆ ಗೊತ್ತಿಲ್ಲದ್ದಾ?"

ದುರ್ಗಕ್ಕ ಕೆಮ್ಮಿನಂಥದೇನೋ ಮಾಡಿ ನಗು ನುಂಗಿದಳು. ನೀತಾ ನಗಲಿಲ್ಲ. ಎರಡು ವರ್ಷ ಹೊಟ್ಟೆ ಉರಿಸಿಕೊಂಡದ್ದು ಬರೀ ಫೋಟೋಕ್ಕೆ ಹಿಡಿದ ಆ ಬಕೆಟ್ಟಿಗಾ ಎಂದು ಅವಳಿಗೆ ಇನ್ನಷ್ಟು ಉರಿಯಿತು. ಆದರೂ ಬಲೆಯ ಒಂದು ತುದಿ ಹಿಡಿದಳು. ಇನ್ನೊಂದು ತುದಿ ರಂಜನಾ ಹಿಡಿದಳು. ಬಿಸಿಲು ಏರುವವರೆಗೆ ಮೂವರೂ ಕೂಡಿ ಇಪ್ಪತ್ತಮೂರನ್ನೂ ಬೇರೆ ಮಾಡಿದರು. ಉಳಿದವು ಐನೂರ ಎಂಬತ್ತೊಂದು. ಅವುಗಳಲ್ಲಿ ಹತ್ತನ್ನು ತೂಗಿದಾಗ ಸರಾಸರಿ ನೂರ ಅರವತ್ತು ಗ್ರಾಂ. ರಂಜನಾಳದು ಇನ್ನೂರ ನಲವತ್ತು. ನೀತಾ ಎರಡನ್ನೂ ಬರೆದಳು. ಪೆನ್ನು ಒತ್ತಿದ ರಭಸಕ್ಕೆ ಕಾಗದ ತೂತಾಯಿತು.

ಫೆಬ್ರವರಿ ೨೫, ಮತ್ತೆ ಭಾನುವಾರ. ಮೊದಲೆಲ್ಲ ಆಹಾರ ಎಸೆದರೆ ಮೂಲೆಗೆ ಸರಿಯುತ್ತಿದ್ದ ಸಣ್ಣ ಮೀನುಗಳು ಆ ದಿನ ಬಲೆಯ ನಡುಮಧ್ಯಕ್ಕೆ ನುಗ್ಗಿ ನೀರು ಸಿಡಿಸಿದವು. ನೀತಾಳ ಮುಖ, ನೋಟ್‌ಬುಕ್ಕು, ಎಲ್ಲ ಒದ್ದೆ.

"ಅವಳದ್ದು ಹೇಳ್ಲೇನು?" ತಕ್ಕಡಿ ಹಿಡಿದು ದುರ್ಗಕ್ಕ ಕೇಳಿದಳು.

ಐದನೇ ಪಂಜರದ ಕಡೆ ನೀತಾಳ ಕಣ್ಣು ಹೊರಳಿತು, ಬಹಳ ಹೊತ್ತು ಅಲ್ಲೇ ಇತ್ತು, ಆಮೇಲೆ ಹಾಳೆಗೆ ಬಂತು.

"ಬೇಡ," ಎಂದಳು. ಬಲಗಡೆ ಖಾಲಿ ಬಿಟ್ಟು, ಎಡಗಡೆ ಬರೆದಳು: ೧೯೬ ಗ್ರಾಂ.